‘ವಿನಿಮಯ ಭೇಟಿ’: ಹೋಗಿ ಬಂದದ್ದೆಲ್ಲ ವಿನಿಮಯ ಅಲ್ಲ

ಮರವಿಜ್ಞಾನದ ಇನ್ನೊಂದು ವಿಚಾರ ಸಂಕಿರಣದ ಆಹ್ವಾನ ಪತ್ರಿಕೆ ಬಂತು. ಭಾಷಣಕಾರರೊಬ್ಬರ ಪರಿಚಯದಲ್ಲಿ ‘ಅಂತರರಾಷ್ಟ್ರೀಯ ವೃತ್ತಿಪರ ವಿನಿಮಯ ಭೇಟಿಯಡಿ ಯುರೋಪಿಗೆ ತೆರಳಿದ್ದರು’ ಎಂದಿದೆ. ಅದರ ಕೆಳಗೇ ವಿವರವೂ ಇದೆ: ಒಂದು ಸಮ್ಮೇಳನ, ಒಂದು ಪ್ರಬಂಧ, ಕೊನೆಯ ದಿನ ಒಂದು ಸಾಮಿಲ್ ನೋಡಿದ್ದು. ಒಳ್ಳೆಯದೇ, ಹೋಗಿ ಬರಲಿ. ಆದರೆ ಇದರಲ್ಲಿ ವಿನಿಮಯ ಆಗಿದ್ದೇನು? ರೂಪಾಯಿ ಕೊಟ್ಟು ಯೂರೋ ತಗೊಂಡದ್ದು ಬಿಟ್ಟರೆ ನನಗೇನೂ ಕಾಣಲಿಲ್ಲ.

ಇದು ಒಬ್ಬರ ತಪ್ಪಲ್ಲ. ಪತ್ರಿಕೆಗಳಲ್ಲೂ, ಸಂಸ್ಥೆಗಳ ವಾರ್ಷಿಕ ವರದಿಗಳಲ್ಲೂ ವಿದೇಶಕ್ಕೆ ಕಾಲಿಟ್ಟದ್ದೆಲ್ಲ ‘ವಿನಿಮಯ’ ಆಗಿಬಿಟ್ಟಿದೆ. ತರಬೇತಿ, ಅಧ್ಯಯನ ಪ್ರವಾಸ, ಫೆಲೋಶಿಪ್, ಎಲ್ಲಕ್ಕೂ ಒಂದೇ ಚೀಟಿ.

ಮೊದಲು ಪದದ ಬೇರು ನೋಡೋಣ. ‘ವಿನಿಮಯ’ದ ಒಳಗಿರುವುದು ಸಂಸ್ಕೃತದ ‘ಮೇ’ ಎಂಬ ಧಾತು. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವುದೇ ಅದರ ಅರ್ಥ. ಹಿಂದಿರುವ ‘ವಿ’, ‘ನಿ’ ಬರೀ ಉಪಸರ್ಗಗಳು. ಕೊಡುವುದೂ ಪಡೆಯುವುದೂ ಧಾತುವಿನಲ್ಲೇ ಇರುವುದರಿಂದ ‘ಪರಸ್ಪರ ವಿನಿಮಯ’ ಎನ್ನುವುದು ಕೂಡ ಜಾಸ್ತಿಯೇ. ಕನ್ನಡದಲ್ಲಿ ಇದಕ್ಕೆ ‘ಸಾಟಿ’ ಎಂಬ ಚೆಂದದ ಮಾತಿದೆ. ಸಾಟಿ ವ್ಯಾಪಾರ ಎಂದರೆ ದುಡ್ಡಿಲ್ಲದೆ ಪದಾರ್ಥಕ್ಕೆ ಪದಾರ್ಥ. ಅದೇ ಸಾಟಿಗೆ ‘ಸಮ’ ಎಂಬ ಅರ್ಥವೂ ಇದೆ. ‘ನಿನಗೆ ಸಾಟಿ ಯಾರು?’ ಎನ್ನುತ್ತೇವಲ್ಲ, ಅದು. ಅದಲು ಬದಲು ಮದುವೆಯಲ್ಲಿ ಎರಡೂ ಮನೆಯವರು ಹೆಣ್ಣು ಕೊಡುತ್ತಾರೆ, ಎರಡೂ ಮನೆಯವರು ಹೆಣ್ಣು ತರುತ್ತಾರೆ. ಒಂದೇ ಮನೆಯವರು ಕೊಟ್ಟರೆ ಅದು ಬರೀ ಮದುವೆ.

ಇಂಗ್ಲಿಷಿನ ಎಕ್ಸ್‌ಚೇಂಜ್ ಬಂದಿರುವುದು ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಕಾಂಬಿಯಾರೆ’ಯಿಂದ. ಅದಲು ಬದಲು ಮಾಡಿಕೊಳ್ಳುವುದು ಎಂದು ಅರ್ಥ. ಇಟಲಿಯಲ್ಲಿ ಹಣ ಬದಲಾಯಿಸುವ ಅಂಗಡಿಯ ಮೇಲೆ ಇವತ್ತಿಗೂ ‘ಕಾಂಬಿಯೋ’ ಎಂಬ ಬೋರ್ಡ್ ಇರುತ್ತದೆ. ಮರದ ಜನ ಇಲ್ಲಿ ಕಿವಿ ನಿಮಿರಿಸಬೇಕು. ಮರದ ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ಬೆಳೆಯುವ ಪದರಕ್ಕೆ ‘ಕ್ಯಾಂಬಿಯಂ’ ಎನ್ನುತ್ತೇವಲ್ವಾ? ಅದೂ ಇದೇ ಬೇರಿನ ಪದ. ಮಧ್ಯಕಾಲದ ಲ್ಯಾಟಿನ್ನಿನಲ್ಲಿ ಕ್ಯಾಂಬಿಯಂ ಎಂದರೆ ನೇರವಾಗಿ ವಿನಿಮಯ. ಹಳೆಯ ವೈದ್ಯರು ದೇಹದ ಅಂಗಾಂಶವಾಗಿ ಬದಲಾಗುವ ಒಂದು ರಸ ಇದೆ ಎಂದು ನಂಬಿ ಅದಕ್ಕೆ ಈ ಹೆಸರಿಟ್ಟಿದ್ದರು. 17ನೇ ಶತಮಾನದಲ್ಲಿ ಅದು ಗಿಡಮರಗಳಿಗೆ ಬಂತು. ರಸದ ಕಲ್ಪನೆ ಹೋಯಿತು, ಹೆಸರು ಉಳಿಯಿತು.

ಅಂದರೆ ಇಡೀ ಮರವಿಜ್ಞಾನ ನಿಂತಿರುವ ಪದರದ ಹೆಸರೇ ವಿನಿಮಯ. ಅದರ ಕೆಲಸ ನೋಡಿದರೆ ಇನ್ನೂ ಮಜಾ ಇದೆ. ಕ್ಯಾಂಬಿಯಂ ಎರಡೂ ಕಡೆಗೆ ಕೋಶಗಳನ್ನು ಕೊಡುತ್ತದೆ. ಒಳಕ್ಕೆ ಕೊಟ್ಟದ್ದು ಕಟ್ಟಿಗೆಯಾಗುತ್ತದೆ. ಹೊರಕ್ಕೆ ಕೊಟ್ಟದ್ದು ಆಹಾರ ಸಾಗಿಸುವ ಒಳತೊಗಟೆಯಾಗುತ್ತದೆ. ಎರಡು ಕಡೆಗೂ ಸಮ ಅಲ್ಲ, ಒಳಗಿನ ಪಾಲು ಹಲವು ಪಟ್ಟು ದೊಡ್ಡದು. ಆದರೂ ಹೊರಗಿನ ಪಾಲು ನಿಂತರೆ ಮರ ಸಾಯುತ್ತದೆ. ಹಾಗಾಗಿ ವಿನಿಮಯ ಎಂದರೆ ತಕ್ಕಡಿ ಹಿಡಿದು ಸರಿಸಮ ತೂಗಬೇಕು ಎಂದು ನಾನು ಹೇಳುವುದಿಲ್ಲ. ಬಡ ದೇಶಕ್ಕೂ ಶ್ರೀಮಂತ ದೇಶಕ್ಕೂ ನಡುವೆ ಅದು ಆಗುವ ಮಾತೂ ಅಲ್ಲ. ಆದರೆ ಎರಡೂ ಕಡೆಗೆ ಏನಾದರೂ ಹೋಗಲೇಬೇಕು.

ಒಂದು ಭೇಟಿ ವಿನಿಮಯವೋ ಅಲ್ಲವೋ ಎಂದು ತಿಳಿಯಲು ಎರಡೇ ಪ್ರಶ್ನೆ ಸಾಕು. ಟಿಕೆಟ್ ದುಡ್ಡು ಯಾರದು? ಅಲ್ಲಿಂದ ಇಲ್ಲಿಗೆ ಯಾರು ಬಂದರು? ನಮ್ಮ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ಅಂದರೆ ಇನ್ಸಾ, ಬೇರೆ ದೇಶಗಳ ಅಕಾಡೆಮಿಗಳ ಜೊತೆ ಮಾಡಿಕೊಂಡಿರುವ ಒಪ್ಪಂದಗಳಲ್ಲಿ ಪದ್ಧತಿ ಸ್ಪಷ್ಟ. ಕಳಿಸುವವರು ವಿಮಾನದ ಟಿಕೆಟ್ ಕೊಡುತ್ತಾರೆ, ಬರಮಾಡಿಕೊಳ್ಳುವವರು ಊಟ ವಸತಿ ನೋಡಿಕೊಳ್ಳುತ್ತಾರೆ. ಆಮೇಲೆ ಅವರ ಕಡೆಯವರು ಇಲ್ಲಿಗೆ ಬರುತ್ತಾರೆ, ಲೆಕ್ಕ ತಿರುಗುಮುರುಗು ಆಗುತ್ತದೆ. ವಿದ್ಯಾರ್ಥಿ, ಸಂಶೋಧಕರ ಓಡಾಟಕ್ಕೆ ನೆರವಾಗುವ ಜರ್ಮನಿಯ ಡಿಎಎಡಿ ಸಂಸ್ಥೆ ಜೊತೆಗಿನ ಜಂಟಿ ಯೋಜನೆಗಳೂ ಹೀಗೇ, ಎರಡೂ ಕಡೆಯ ತಂಡಗಳು ಓಡಾಡುತ್ತವೆ. ಆ ಸಂಸ್ಥೆಯ ಜರ್ಮನ್ ಹೆಸರಿನಲ್ಲೇ ‘ವಿನಿಮಯ’ ಇದೆ. ಊರ ಕಡೆಯ ಹಿರಿಯರಿಗೆ ರೋಟರಿಯ ಗ್ರೂಪ್ ಸ್ಟಡಿ ಎಕ್ಸ್‌ಚೇಂಜ್ ನೆನಪಿರಬಹುದು. 1965ರಲ್ಲಿ ಶುರುವಾದ ಅದರಲ್ಲಿ ಎರಡು ದೇಶಗಳ ರೋಟರಿ ಜಿಲ್ಲೆಗಳು ಜೋಡಿಯಾಗಿ ತಂಡಗಳನ್ನು ಕಳಿಸಿಕೊಳ್ಳುತ್ತಿದ್ದವು.

ಇನ್ನು ಐಟಿಟಿಒ. ಉಷ್ಣವಲಯದ ಮರಮಟ್ಟಿನ ಈ ಅಂತರರಾಷ್ಟ್ರೀಯ ಸಂಸ್ಥೆ ಜಪಾನಿನ ಯೊಕೊಹಾಮಾದಲ್ಲಿದೆ. ಭಾರತವೂ ಅದರ ಸದಸ್ಯ. 1989ರಿಂದ ಅದು ಕೊಟ್ಟಿರುವ ಫೆಲೋಶಿಪ್‌ಗಳಿಂದ ಅಭಿವೃದ್ಧಿಶೀಲ ದೇಶಗಳ ಎಷ್ಟೋ ಜನ ಸಮ್ಮೇಳನ, ತರಬೇತಿ, ಅಧ್ಯಯನ ಪ್ರವಾಸಗಳಿಗೆ ಹೋಗಿದ್ದಾರೆ. ಅದಕ್ಕೆ ಫೆಲೋಶಿಪ್ ಎಂಬ ಮರ್ಯಾದಸ್ಥ ಹೆಸರಿದೆ. ಅದನ್ನು ವಿನಿಮಯ ಎಂದರೆ ಆ ದುಡ್ಡು ಕೊಟ್ಟವರಿಗೂ ಗೌರವ ಅಲ್ಲ.

ನಾವೇ ಕೊಡುವ ಕಡೆ ಇರುವುದನ್ನೂ ಜನ ಮರೆಯುತ್ತಾರೆ. 1964ರಿಂದ ಭಾರತ ಸರ್ಕಾರದ ಐಟೆಕ್ ಯೋಜನೆಯಡಿ ಬೇರೆ ದೇಶದವರು ಇಲ್ಲಿ ಕಲಿತು ಹೋಗುತ್ತಿದ್ದಾರೆ. ಆಫ್ರಿಕಾದ ಸಂಶೋಧಕರಿಗೆ ಸಿ.ವಿ. ರಾಮನ್ ಹೆಸರಿನ ಫೆಲೋಶಿಪ್ ಇದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ಅಂದರೆ ಐಡಬ್ಲ್ಯುಎಸ್‌ಟಿ, 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿದ್ದು. ನಮ್ಮಲ್ಲಿ ಕಲಿಸಲು ಏನೂ ಇಲ್ಲ ಎಂಬಂತೆ ಸದಾ ಕೈಯೊಡ್ಡಿದ ಭಾಷೆಯಲ್ಲೇ ಏಕೆ ಬರೆಯಬೇಕು?

ಈ ವಿಷಯದಲ್ಲಿ ‘ಅವರು ಇಲ್ಲಿಗೆ ಬರುವುದು’ ಏಕೆ ಇಷ್ಟು ಮುಖ್ಯ ಅನ್ನುವುದಕ್ಕೆ ಮರ ಒಣಗಿಸುವ ಕೆಲಸವೊಂದೇ ಸಾಕು. ಮರ ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಂಡು ನೀರು ಹೀರುತ್ತದೆ, ಬಿಡುತ್ತದೆ. ಅಮೆರಿಕದ ಬಹುಪಾಲು ಕಡೆ ಮನೆಯೊಳಗಿನ ಮರಕ್ಕೆ ಸರಾಸರಿ 8% ತೇವಾಂಶ ಸರಿ ಎಂದು ಅಲ್ಲಿನ ಶಿಫಾರಸು. ಚಳಿಗಾಲದಲ್ಲಿ ಹೀಟರ್ ಉರಿಯುವ ಮನೆಗಳು ಅವು. ಮಂಗಳೂರಿನ ಆಷಾಢಕ್ಕೆ ಬನ್ನಿ. ಗಾಳಿಯ ತೇವ 85% ದಾಟಿ ನಿಂತರೆ ಅದೇ ಮರ ನಿಧಾನವಾಗಿ 18%ರ ಆಸುಪಾಸಿಗೆ ಏರುತ್ತದೆ. ಅಲ್ಲಿಯ ಲೆಕ್ಕಕ್ಕೆ ಕಿಲ್ನ್‌ನಲ್ಲಿ, ಅಂದರೆ ಮರ ಒಣಗಿಸುವ ಬಿಸಿಗೂಡಿನಲ್ಲಿ, ಒಣಗಿಸಿ ಇಲ್ಲಿ ಕೂರಿಸಿದ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ನಮ್ಮವರು ಮೂರು ತಿಂಗಳು ಅಲ್ಲಿ ಕಲಿತು ಬಂದರೆ ಅಲ್ಲಿನ ಅಂಕಿ ಬರುತ್ತದೆ. ಅಲ್ಲಿನವರು ಜೂನ್‌ನಲ್ಲಿ ಕರಾವಳಿಗೆ ಬಂದು ಒಂದು ಬಡಗಿಯ ಶೆಡ್ಡಿನಲ್ಲಿ ಕೂತರೆ ಅವರ ಪಾಠವೇ ಬದಲಾಗುತ್ತದೆ. ಈ ಎರಡನೆಯದು ಆಗದಿದ್ದರೆ ಅದು ತರಬೇತಿ, ಅಷ್ಟೇ.

ತಮಾಷೆ ಎಂದರೆ, ಮನುಷ್ಯರ ಓಡಾಟಕ್ಕೆ ಇಷ್ಟು ಸಡಿಲವಾಗಿ ಮಾತಾಡುವ ನಾವು ಮರದ ತುಂಡಿನ ವಿಷಯದಲ್ಲಿ ಬಿಗಿಯಾಗಿದ್ದೇವೆ. ಮರದ ಮಾದರಿಗಳ ಸಂಗ್ರಹಕ್ಕೆ ಕ್ಸೈಲೇರಿಯಂ ಎನ್ನುತ್ತಾರೆ. ಅಮೆರಿಕದ ಮ್ಯಾಡಿಸನ್‌ನಲ್ಲಿ 1910ರಲ್ಲಿ ಶುರುವಾದ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ಇಂಥ ಸಂಗ್ರಹಗಳು ಬೆಳೆದದ್ದರಲ್ಲಿ ನಿಜವಾದ ಸಾಟಿ ವ್ಯಾಪಾರದ ಪಾಲು ದೊಡ್ಡದು. ನಮ್ಮಲ್ಲಿ ಎರಡಿದ್ದ ತುಂಡಿನಲ್ಲಿ ಒಂದು ನಿಮಗೆ, ನಿಮ್ಮದೊಂದು ನಮಗೆ. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟೀಸ್ ಒಪ್ಪಂದದ 7ನೇ ವಿಧಿಯಲ್ಲಿ ವಿಜ್ಞಾನಿಗಳಿಗೆಂದೇ ಒಂದು ರಿಯಾಯಿತಿ ಇದೆ. ನೋಂದಾಯಿತ ಸಂಸ್ಥೆಗಳ ನಡುವೆ, ಲಾಭಕ್ಕಲ್ಲದ, ಒಣಗಿಸಿ ಕಾಪಿಟ್ಟ ಮಾದರಿಗಳ ‘ಸಾಲ, ದಾನ ಅಥವಾ ವಿನಿಮಯ’ಕ್ಕೆ ಅದು ಅನ್ವಯಿಸುತ್ತದೆ. ಮೂರು ಬೇರೆ ಬೇರೆ ಪದ, ಗಮನಿಸಿ. ನಮ್ಮ ಬೀಟೆ, ರಕ್ತಚಂದನ ಎರಡೂ ಆ ಒಪ್ಪಂದದ ಎರಡನೆಯ ಪಟ್ಟಿಯಲ್ಲಿರುವ, ಅಂದರೆ ವ್ಯಾಪಾರಕ್ಕೆ ಪರವಾನಗಿ ಬೇಕಾದ ಮರಗಳು. ಅದರ ಮೇಲೆ 2002ರ ನಮ್ಮ ಜೀವವೈವಿಧ್ಯ ಕಾಯ್ದೆಯೂ ಇದೆ. ಹೀಗೆ ಒಂದು ಬೀಟೆ ಚಕ್ಕೆ ಗಡಿ ದಾಟಬೇಕಾದರೆ ಅದು ಸಾಲವೋ, ದಾನವೋ, ವಿನಿಮಯವೋ ಎಂದು ಬರೆಯಲೇಬೇಕು. ಆ ಚಕ್ಕೆಯನ್ನು ಓದುವ ವಿಜ್ಞಾನಿ ದಾಟಿದರೆ ಮಾತ್ರ ಎಲ್ಲವೂ ವಿನಿಮಯ!

ಒಂದು ಕಡೆ ಮಾತ್ರ ನಾನು ಬಾಯಿ ಮುಚ್ಚಿಕೊಳ್ಳಬೇಕು. ಅದು ಅಮೆರಿಕದ ಜೆ-1 ವೀಸಾ. ಅಲ್ಲಿ ‘ಎಕ್ಸ್‌ಚೇಂಜ್ ವಿಸಿಟರ್’ ಎನ್ನುವುದು ಕಾನೂನಿನ ಪದ. 1961ರ ಕಾಯ್ದೆಯ ಹೆಸರಿನಲ್ಲೇ ಪರಸ್ಪರ ಶೈಕ್ಷಣಿಕ, ಸಾಂಸ್ಕೃತಿಕ ವಿನಿಮಯ ಎಂದಿದೆ. ಅಲ್ಲಿಂದ ಯಾರೂ ಇಲ್ಲಿಗೆ ಬರದಿದ್ದರೂ ಹೋದವರು ದಾಖಲೆಯಲ್ಲಿ ಎಕ್ಸ್‌ಚೇಂಜ್ ವಿಸಿಟರೇ. ಬೇಡ ಎಂದರೂ ಬಿಡುವುದಿಲ್ಲ. ಆದರೆ ಆ ಕಾನೂನು ಪದದ ಅರ್ಥವನ್ನು ಪೂರ್ತಿ ಮರೆತಿಲ್ಲ. ಹೀಗೆ ಹೋದವರಲ್ಲಿ ಕೆಲವರು ಅವಧಿ ಮುಗಿಸಿ ತಮ್ಮ ದೇಶದಲ್ಲಿ ಎರಡು ವರ್ಷ ಇರಲೇಬೇಕು, ಆಮೇಲಷ್ಟೇ ಎಚ್-1ಬಿಯೋ ಗ್ರೀನ್ ಕಾರ್ಡೋ. ಕಲಿತದ್ದು ವಾಪಸ್ ಹೋಗಲಿ ಎಂಬುದೇ ಇದರ ಲೆಕ್ಕ. ತಮ್ಮ ದೇಶಕ್ಕೆ ಬೇಕಾದ ಪರಿಣತಿ ಎಂದು ಅಮೆರಿಕದ ಪಟ್ಟಿಯಲ್ಲಿರುವವರಿಗೆ ಇದು ತಾಗುತ್ತದೆ, ಮೊದಲು ನಮ್ಮವರಿಗೂ ತಾಗುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಬಂದ ಹೊಸ ಪಟ್ಟಿಯಲ್ಲಿ ಭಾರತದ ಹೆಸರಿಲ್ಲ. ಸರ್ಕಾರದ ದುಡ್ಡಿನಲ್ಲಿ ಹೋದವರಿಗೆ, ಉದಾಹರಣೆಗೆ ಫುಲ್‌ಬ್ರೈಟ್ ಫೆಲೋಶಿಪ್‌ನವರಿಗೆ, ನಿಯಮ ಹಾಗೇ ಇದೆ.

ಹಾಗಾಗಿ ಪರಿಚಯ ಬರೆಯುವವರು ಜೆ-1ರಲ್ಲಿ ಹೋದವರನ್ನು ಬೇಕಾದರೆ ವಿನಿಮಯ ಸಂದರ್ಶಕ ಎನ್ನಿ, ನನ್ನ ತಕರಾರಿಲ್ಲ. ಉಳಿದವರಿಗೆ ದುಡ್ಡು ಕೊಟ್ಟ ಯೋಜನೆಯ ಹೆಸರು ಹಾಕಿ, ಅಷ್ಟು ಸಾಕು. ಅಮೆರಿಕಕ್ಕೆ ಹೋಗುವವರಿಗೆ ಇನ್ನೊಂದು ಮಾತು: ಮೂರೇ ತಿಂಗಳಿಗೆ ಹೋಗುವುದಾದರೆ ಜೆ-1 ವೀಸಾಕ್ಕೆ ಬೇಕಾದ ಡಿಎಸ್-2019 ಫಾರಂನಲ್ಲಿ ‘ರಿಸರ್ಚ್ ಸ್ಕಾಲರ್’ ಎಂದಿದೆಯೋ ‘ಶಾರ್ಟ್ ಟರ್ಮ್ ಸ್ಕಾಲರ್’ ಎಂದಿದೆಯೋ ಮೊದಲೇ ನೋಡಿಕೊಳ್ಳಿ. ಮೊದಲನೆಯದರಲ್ಲಿ ಹೋಗಿ ಮುಗಿಸಿದರೆ ಮತ್ತೆ ಅದೇ ವರ್ಗದಲ್ಲಿ ಹೋಗಲು 24 ತಿಂಗಳು ಕಾಯಬೇಕು. ಎರಡನೆಯದಕ್ಕೆ ಆರು ತಿಂಗಳ ಮಿತಿ ಇದೆ, ಆದರೆ ಈ ಕಾಯುವ ಕಾಟ ಇಲ್ಲ.