ಗೇಟು ತೆರೆದಿದೆ, ಆಚೆ ಜಾಗ ಇದೆಯೇ?

ಭಾರಿ ವಾಹನಗಳ ಚಾಲನೆ ಕಲಿಸುವವನಾಗಿ ನಾನು ಕಂಡಂತೆ, ರೈಲ್ವೆ ಗೇಟು ತೆರೆದ ಕೂಡಲೇ ಹಳಿ ದಾಟಲು ಅನುಮತಿ ಸಿಕ್ಕಿತೆಂದು ನಮ್ಮ ಬಹುಪಾಲು ಚಾಲಕರು ಭಾವಿಸುತ್ತಾರೆ. ಆದರೆ ಮುಂದಿನ ವಾಹನ ಹಳಿಯಾಚೆ ನಿಂತುಬಿಟ್ಟರೆ ನಮ್ಮ ವಾಹನದ ಹಿಂಭಾಗ ಎಲ್ಲಿರುತ್ತದೆ ಎಂಬುದನ್ನು ಹಳಿಗೆ ಹತ್ತುವ ಮುನ್ನವೇ ಅಂದಾಜು ಮಾಡಬೇಕು.

ನಮ್ಮ ಭಾಗದಲ್ಲಿ ಈ ಅಂದಾಜು ಹೆಚ್ಚು ತಪ್ಪುವುದು ಟ್ರ್ಯಾಕ್ಟರ್ ಚಾಲಕರಿಗೆ. ಟ್ರೇಲರ್ ಸಹಿತ ಟ್ರ್ಯಾಕ್ಟರಿನ ಉದ್ದ 10 ಮೀಟರ್ ಎಂದುಕೊಳ್ಳೋಣ. ಹುಬ್ಬಳ್ಳಿ–ಗದಗ ಮಾರ್ಗದಂತಹ ಜೋಡಿ ಹಳಿಗೆ ಎರಡೂ ಬದಿಯ ಸುರಕ್ಷಿತ ಅಂತರವನ್ನು ಸೇರಿಸಿ 14 ಮೀಟರ್ ಹಿಡಿದರೆ, ಗಂಟೆಗೆ 5 ಕಿ.ಮೀ. ವೇಗದಲ್ಲಿ ಪೂರ್ತಿ ದಾಟಲು ಸುಮಾರು 17 ಸೆಕೆಂಡು ಬೇಕು. ಅಷ್ಟರಲ್ಲಿ ಗಂಟೆಗೆ 100 ಕಿ.ಮೀ. ವೇಗದ ರೈಲು ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಬಂದಿರುತ್ತದೆ. ಲೋಕೊ ಪೈಲಟ್ ನೋಡಿ ಬ್ರೇಕ್ ಹಾಕಿದರೂ ಅಷ್ಟು ದೂರದಲ್ಲಿ ರೈಲು ನಿಲ್ಲುವುದಿಲ್ಲ. ಡಬಲ್ ಟ್ರೇಲರ್ ಕಟ್ಟಿಕೊಂಡು ಬರುವವರ ಲೆಕ್ಕವನ್ನು ಅವರೇ ಮಾಡಿಕೊಳ್ಳಲಿ.

ಹಳಿ ಸಾಮಾನ್ಯವಾಗಿ ದಿಬ್ಬದ ಮೇಲಿರುವುದರಿಂದ ಏರಿನ ನಡುವೆ ಗೇರ್ ಬದಲಿಸಲು ಹೋದವರ ಎಂಜಿನ್ ಆಫ್ ಆಗುವುದುಂಟು. ಆದ್ದರಿಂದ ಗೇಟಿನ ಈಚೆಗೇ ನಿಂತು, ಟ್ರೇಲರಿನ ಪಿನ್ ಸರಿಯಾಗಿ ಕೂತಿದೆಯೇ ಎಂದು ಇಳಿದು ನೋಡಿ, ಮೊದಲ ಗೇರಿಗೆ ಹಾಕಿ, ಆಚೆ ತಲುಪುವವರೆಗೆ ಕ್ಲಚ್ ಮುಟ್ಟದೆ ಸಾಗಬೇಕು. ಪಿನ್ ಕಳಚಿದರೆ ಟ್ರ್ಯಾಕ್ಟರ್ ಮಾತ್ರ ಆಚೆ ಹೋಗಿ, ಮೆಣಸಿನಕಾಯಿ ಚೀಲಗಳ ಟ್ರೇಲರ್ ಹಳಿಯ ಮೇಲೆಯೇ ಉಳಿಯುತ್ತದೆ. ಕಣಿಕೆ ಅಥವಾ ಹತ್ತಿ ಎತ್ತರಕ್ಕೆ ಹೇರಿದ್ದರೆ ಮೇಲೆ ಕುಳಿತವರನ್ನು ಮೊದಲೇ ಇಳಿಸಬೇಕು: ಮೇಲಿನ ತಂತಿಯಲ್ಲಿ ಹರಿಯುವುದು 25,000 ವೋಲ್ಟ್ ವಿದ್ಯುತ್, ಅದು ಮುಟ್ಟಿದರಷ್ಟೇ ಅಲ್ಲ, ಸಮೀಪಿಸಿದರೂ ಹೊಡೆಯುತ್ತದೆ.

ಬೈಕ್ ಸವಾರರ ತೊಂದರೆ ಬೇರೆ. ಹಳಿಯ ಪಕ್ಕದ ಸಂದು ಸುಮಾರು ಎರಡು ಇಂಚು ಅಗಲವಿದ್ದು, ಓರೆಯಾಗಿ ದಾಟಿದರೆ ಮುಂದಿನ ಚಕ್ರ ಅದರೊಳಗೆ ಸಿಕ್ಕಿಕೊಳ್ಳಬಹುದು. ನೇರವಾಗಿ, ಹಳಿಯ ಮೇಲೆ ಬ್ರೇಕ್ ಹಿಡಿಯದೆ ದಾಟಬೇಕು. ಮಳೆಗಾಲದಲ್ಲಿ ಅಣ್ಣಿಗೇರಿ, ನವಲಗುಂದ ಕಡೆಯ ಎರೆಮಣ್ಣು ಟ್ರ್ಯಾಕ್ಟರ್ ಗಾಲಿಗೆ ಅಂಟಿ ಬಂದು ಹಳಿಯ ಮೇಲೆ ಮೆತ್ತಿಕೊಂಡಿರುವಾಗ ಇದು ಇನ್ನೂ ಮುಖ್ಯ. ಚಕ್ಕಡಿಯವರು ಮೇಲೆ ಕೂತು ಎತ್ತನ್ನು ಅವಸರಿಸದೆ, ಇಳಿದು ಹಗ್ಗ ಹಿಡಿದು ನಡೆಸುವುದೇ ಸರಿ, ಏಕೆಂದರೆ ಗೊರಸು ಸಿಕ್ಕುವುದೂ ಅದೇ ಸಂದಿಯಲ್ಲಿ. ಕಾರಿನವರಿಗೆ ಹೇಳಬೇಕಾದದ್ದು ಕಡಿಮೆ: ಗಾಜು ಇಳಿಸಿ, ಹಾಡು ನಿಲ್ಲಿಸಿ.

ಒಂದು ರೈಲು ಹೋದ ಕೂಡಲೇ ಮುಚ್ಚಿದ ಗೇಟಿನಡಿ ಬೈಕ್ ಬಾಗಿಸಿ ನುಗ್ಗುವವರು, ಎರಡನೇ ಹಳಿಯ ಮೇಲೆ ಎದುರು ದಿಕ್ಕಿನಿಂದ ಮತ್ತೊಂದು ರೈಲು ಬರಬಹುದೆಂಬುದನ್ನು ಮರೆಯುತ್ತಾರೆ. ಗೇಟ್ ಮುರಿದರೆ 1989ರ ರೈಲ್ವೆ ಕಾಯ್ದೆಯಡಿ ಐದು ವರ್ಷದವರೆಗೆ ಜೈಲು ಆಗಬಹುದು.

ವಾಹನ ಹಳಿಯ ಮೇಲೆ ನಿಂತೇಬಿಟ್ಟರೆ ಮೊದಲು ಎಲ್ಲರನ್ನೂ ಇಳಿಸಿ ಹಳಿಯಿಂದ ದೂರ ಕಳಿಸಿ. ಒಬ್ಬರು ಗೇಟ್‌ಮನ್ ಬಳಿ ಓಡಲಿ. ಸ್ಟೇಷನ್ ಮಾಸ್ಟರಿಗೆ ತಿಳಿಸಲು ಫೋನ್ ಮತ್ತು ರೈಲನ್ನು ತಡೆಯಲು ಕೆಂಪು ಬಾವುಟ ಇರುವುದು ಅವರಲ್ಲಿ. ರೈಲು ಕಣ್ಣಿಗೆ ಬಿದ್ದ ಮೇಲೆ ಚೀಲ ಇಳಿಸುವ ಯತ್ನ ಬೇಡ. ರೈಲು ಬರುತ್ತಿರುವ ದಿಕ್ಕಿಗೇ, ಆದರೆ ಹಳಿಯಿಂದ ಓರೆಯಾಗಿ ದೂರ ಓಡಬೇಕು, ಏಕೆಂದರೆ ಡಿಕ್ಕಿಯಾದಾಗ ವಾಹನದ ಚೂರುಗಳು ರೈಲು ಸಾಗುವ ದಿಕ್ಕಿಗೆ ಚಿಮ್ಮುತ್ತವೆ.