ಬೆಣ್ಣೆ ದೋಸೆ ಮೇಲೊಂದು ಗ್ರೀನ್ ಟೀ

ನಮ್ಮ ಭಾವ ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ. ಭಾನುವಾರ ಬೆಳಿಗ್ಗೆ ಕುಂದವಾಡ ಕೆರೆ ಹತ್ತಿರ ವಾಕಿಂಗು, ಆಮೇಲೆ ಬೆಣ್ಣೆ ದೋಸೆ. ವರ್ಷಗಳಿಂದ ನಡೆದುಕೊಂಡು ಬಂದ ಪದ್ಧತಿ ಇದು. ಹೋದ ಸಲ ನಾನೂ ಜೊತೆಗಿದ್ದೆ. ಎರಡು ದೋಸೆ ಮುಗಿಸಿ, ಕೈ ತೊಳೆದು ಬಂದ ಭಾವ ಅಂಗಿ ಜೇಬಿನಿಂದ ಒಂದು ಗ್ರೀನ್ ಟೀ ಬ್ಯಾಗ್ ತೆಗೆದರು. "ತಮ್ಮಾ, ಒಂದು ಲೋಟ ಬಿಸಿನೀರು ಕೊಡು" ಅಂದರು. ಹೋಟೆಲ್ ಹುಡುಗ ಆ ಬ್ಯಾಗನ್ನೂ ಖಾಲಿ ಪ್ಲೇಟನ್ನೂ ಒಂದು ಸಲ ನೋಡಿದ.

"ಬೆಣ್ಣೆ ಕರಗಬೇಕಲ್ಲಪಾ" ಅಂದರು ಭಾವ, ಅವನಿಗೂ ನನಗೂ ಸೇರಿಸಿ.

ನಾನು ನಕ್ಕೆ. ಅವರು ನಗಲಿಲ್ಲ. "ನಗಬೇಡ. ಎರಡು ತಿಂಗಳಾಯ್ತು ಶುರು ಮಾಡಿ, ಎರಡು ಕಿಲೋ ಇಳಿದೀನಿ. ಬೇಕಾದ್ರೆ ನಿಮ್ಮ ಅಕ್ಕನ್ನ ಕೇಳು." ಅಕ್ಕನನ್ನು ಕೇಳಿದೆ. ನಿಜ, ಇಳಿದಿದ್ದರು. ಹಾಗಾಗಿ ಇದನ್ನು ಸುಮ್ನೆ ತಳ್ಳಿಹಾಕುವ ಹಾಗಿರಲಿಲ್ಲ. ತೂಕ ಇಳಿದದ್ದಂತೂ ಹೌದು. ಇಳಿಸಿದ್ದು ಯಾರು?

ಮೊದಲು ಎಲೆಯ ವಿಷಯ. ಗ್ರೀನ್ ಟೀ ಬೇರೆ ಗಿಡ ಅಂತ ಬಹಳ ಜನ ತಿಳಿದಿದ್ದಾರೆ. ಬೇರೆ ಅಲ್ಲ, ನಾವು ದಿನಾ ಕುದಿಸುವ ಟೀ ಪುಡಿಯ ಗಿಡವೇ. ಬದನೆಕಾಯಿ ಹೆಚ್ಚಿಟ್ಟರೆ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ, ಅಲ್ವಾ? ಟೀ ಎಲೆಯೂ ಕಿತ್ತು ಹಿಸುಕಿದರೆ ಹಾಗೇ ಬಣ್ಣ ತಿರುಗುತ್ತದೆ. ಎಲೆಯೊಳಗಿನ ಒಂದು ಕಿಣ್ವ ಗಾಳಿಯ ಆಮ್ಲಜನಕದ ಜೊತೆ ಸೇರಿ ಮಾಡುವ ಕೆಲಸ ಅದು. ಪೂರ್ತಿ ತಿರುಗಲು ಬಿಟ್ಟರೆ ನಮ್ಮ ಕಪ್ಪು ಟೀ. ಕಿತ್ತ ಕೂಡಲೇ ಬಿಸಿ ತಾಗಿಸಿ ಕಿಣ್ವವನ್ನು ಸಾಯಿಸಿದರೆ ಎಲೆ ಹಸಿರಾಗೇ ಉಳಿಯುತ್ತದೆ. ಜಪಾನಿನಲ್ಲಿ ಹಬೆಯಲ್ಲಿ ಬೇಯಿಸುತ್ತಾರೆ, ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ. ಹೀಗೆ ಹಸಿರಾಗಿ ಉಳಿದ ಎಲೆಯಲ್ಲಿ ಜಾಸ್ತಿ ಉಳಿದುಕೊಳ್ಳುವ ವಸ್ತುಗಳೇ ಕ್ಯಾಟೆಚಿನ್‌ಗಳು. ಅವುಗಳಲ್ಲಿ ದೊಡ್ಡ ಹೆಸರು ಮಾಡಿದ್ದು ಇಜಿಸಿಜಿ. ಗ್ರೀನ್ ಟೀ ಡಬ್ಬಿಯ ಮೇಲಿನ ಮಾತೆಲ್ಲ ಕೊನೆಗೆ ಬಂದು ನಿಲ್ಲುವುದು ಇದರ ಮೇಲೆ.

ಈ ಕ್ಯಾಟೆಚಿನ್ ಎಂಬ ಹೆಸರು ಎಲ್ಲಿಂದ ಬಂತು ಗೊತ್ತೇ? ಎಲೆ ಅಡಿಕೆಗೆ ಹಾಕುವ ಕಾಚಿನಿಂದ. ಈ ವಸ್ತು ಮೊದಲು ಸಿಕ್ಕಿದ್ದು ಕಾಚಿನಲ್ಲಿ. ಕಾಚಿಗೆ ಯುರೋಪಿನವರು ಇಟ್ಟುಕೊಂಡ ಹೆಸರು ಕ್ಯಾಟೆಚು. ಆ ಪದ ಮಲಯ ಭಾಷೆಯ ಮೂಲಕ ಅವರಿಗೆ ಸಿಕ್ಕಿದ್ದು, ಅದರ ಬೇರು ನಮ್ಮ ಕಡೆಯ ಭಾಷೆಗಳಲ್ಲಿದೆ ಎಂದು ನಿಘಂಟುಗಳು ಹೇಳುತ್ತವೆ. ದೂರದ ದೇಶದ ಮದ್ದು ಅಂತ ಕೊಂಡು ತರುವ ಡಬ್ಬಿಯ ಮೇಲೆ ನಮ್ಮ ಕಾಚೇ ವೇಷ ಹಾಕಿಕೊಂಡು ಕೂತಿದೆ.

ಚನ್ನಗಿರಿ ಕಡೆಯವರಿಗೆ ಇನ್ನೂ ಸುಲಭವಾಗಿ ಹೇಳಬಹುದು. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪು ನೀರು, ಅದೇ ಚೊಗರು, ಇದೆಯಲ್ಲ? ಬೆರಳಿಗೆ ತಾಗಿಸಿ ನೆಕ್ಕಿದರೆ ನಾಲಿಗೆ ಎಳೆದುಕೊಂಡು ಹೋಗುತ್ತದೆ. ಗ್ರೀನ್ ಟೀಯ ಒಗರೂ ಅದೇ ಬಳಗದ್ದು. ನಮ್ಮ ಹಿರಿಯರು ಆರು ರುಚಿಗಳಲ್ಲಿ ಒಗರನ್ನೂ ಎಣಿಸಿದ್ದಾರೆ. ಆದರೆ ಒಗರಿನಲ್ಲಿ ರುಚಿಗಿಂತ ಸ್ಪರ್ಶದ ಪಾಲೇ ಜಾಸ್ತಿ. ಜೊಲ್ಲಿನಲ್ಲಿ ಬಾಯಿಯನ್ನು ನುಣುಪಾಗಿ ಇಡುವ ಪ್ರೋಟೀನುಗಳಿವೆ. ಒಗರಿನ ವಸ್ತುಗಳು ಅವಕ್ಕೆ ಅಂಟಿಕೊಂಡು ಗಂಟು ಕಟ್ಟುತ್ತವೆ. ನುಣುಪು ಹೋಗಿ ನಾಲಿಗೆ ದೊರಗಾಗುತ್ತದೆ. ಸಿಕ್ಕಿದ್ದಕ್ಕೆ ಅಂಟಿಕೊಳ್ಳುವ ಈ ಗುಣ ನೆನಪಿರಲಿ, ಮುಂದೆ ಅಕ್ಕನ ವಿಷಯಕ್ಕೆ ಬೇಕಾಗುತ್ತದೆ.

ಇಷ್ಟು ಹೇಳಿದ್ದಕ್ಕೆ ಭಾವ ಕೇಳಿದರು: "ಹಂಗಾದ್ರೆ ಅಡಿಕೆ ಹಾಕ್ಕೊಂಡ್ರೂ ಸಣ್ಣಗಾಗ್ತಾರಾ?" ಇಲ್ಲ. ಅಡಿಕೆ ಅಗಿಯುವುದು ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪಟ್ಟಿ ಮಾಡಿ ಎಷ್ಟೋ ವರ್ಷವಾಯಿತು. ಒಂದು ಒಳ್ಳೆಯ ಹೆಸರಿನ ವಸ್ತು ಒಳಗಿದ್ದ ಮಾತ್ರಕ್ಕೆ ಹೊರಗಿನದೆಲ್ಲ ಒಳ್ಳೆಯದಾಗುವುದಿಲ್ಲ. ಅಡಿಕೆ ಸೀಮೆಯಲ್ಲಿ ಕೂತು ಇದನ್ನು ಹೇಳುವುದು ಕಷ್ಟವೇ, ಇರಲಿ.

ಈಗ ಕೊಬ್ಬಿನ ಮಾತು. ಮೈಯಲ್ಲಿ ಕೊಬ್ಬು ತುಂಬಿಟ್ಟ ಕೋಶಗಳನ್ನು ಭಾವನ ಅಂಗಡಿಯ ಗೋಡೌನು ಅಂದುಕೊಳ್ಳಿ. ಸರಕು ಬೇಕಾದಾಗ ನಾರ್‌ಅಡ್ರಿನಾಲಿನ್ ಎಂಬ ಹಾರ್ಮೋನು ಆಳಿನ ಹಾಗೆ ಬಂದು ಬಾಗಿಲು ಬಡಿಯುತ್ತದೆ. ಒಳಗಿನ ಕೊಬ್ಬು ಹೊರಗೆ ಬರುತ್ತದೆ. ಈ ಆಳನ್ನು ಬೇಗ ಬೇಗ ಸಾಗಹಾಕುವ ವಾಚ್‌ಮನ್ ಒಬ್ಬನಿದ್ದಾನೆ, ಅದೂ ಒಂದು ಕಿಣ್ವ. ಕ್ಯಾಟೆಚಿನ್ ಆ ವಾಚ್‌ಮನ್ನನ್ನು ಮಾತಿಗೆ ಎಳೆದು ನಿಲ್ಲಿಸುತ್ತದೆ ಎಂಬುದು ವಿಜ್ಞಾನಿಗಳ ಊಹೆ. ಆಳು ಇನ್ನೂ ಸ್ವಲ್ಪ ಹೊತ್ತು ಬಾಗಿಲು ಬಡಿಯುತ್ತಾನೆ. ಟೀಯಲ್ಲೇ ಇರುವ ಕೆಫೀನ್ ಇನ್ನೊಂದು ಬದಿಯಿಂದ ಅವನಿಗೆ ಸಹಾಯ ಮಾಡುತ್ತದೆ.

ಕೇಳಲು ಚೆನ್ನಾಗಿದೆ. ಆದರೆ ಗೋಡೌನಿನಿಂದ ತೆಗೆದದ್ದೆಲ್ಲ ಮಾರಾಟವಾಗುತ್ತದೆಯೇ? ಗಿರಾಕಿ ಇಲ್ಲದಿದ್ದರೆ ಸಂಜೆಗೆ ಸರಕು ಮತ್ತೆ ಗೋಡೌನಿಗೇ ಹೋಗುತ್ತದೆ. ಇದನ್ನು ನಾನು ಹೇಳುವ ಮೊದಲೇ ಭಾವ ಹೇಳಿದರು. ವ್ಯಾಪಾರದವರಿಗೆ ಶರೀರಶಾಸ್ತ್ರ ಬೇಗ ಅರ್ಥವಾಗುತ್ತದೆ.

ಗಿರಾಕಿ ಇದ್ದಾನೋ ಇಲ್ಲವೋ ಎಂದು ಅಳೆದವರೂ ಇದ್ದಾರೆ. 1999ರಲ್ಲಿ ಜಿನೀವಾದಿಂದ ಬಂದ ಒಂದು ಅಧ್ಯಯನ ಬಹಳ ಹೆಸರು ಮಾಡಿತು. ಹತ್ತು ಜನ ಆರೋಗ್ಯವಂತ ಗಂಡಸರು. ಒಬ್ಬೊಬ್ಬರನ್ನೂ ಒಂದು ಸಣ್ಣ ಕೋಣೆಯಲ್ಲಿ 24 ಗಂಟೆ ಇರಿಸಿದರು. ಕೋಣೆಯೊಳಗೆ ಹೋಗುವ ಗಾಳಿ, ಹೊರಗೆ ಬರುವ ಗಾಳಿ, ಎರಡನ್ನೂ ಅಳೆದರೆ ಮೈ ಎಷ್ಟು ಆಮ್ಲಜನಕ ಬಳಸಿತು, ಎಷ್ಟು ಶಕ್ತಿ ಸುಟ್ಟಿತು ಎಂದು ಗೊತ್ತಾಗುತ್ತದೆ. ಒಂದು ಸಲ ಗ್ರೀನ್ ಟೀ ಸಾರದ ಗುಳಿಗೆ, ಒಂದು ಸಲ ಅಷ್ಟೇ ಕೆಫೀನು, ಒಂದು ಸಲ ಏನೂ ಇಲ್ಲದ ಗುಳಿಗೆ. ಗ್ರೀನ್ ಟೀ ಸಾರ ಕೊಟ್ಟ ದಿನ ಮೈ 4 ಶೇಕಡಾ ಜಾಸ್ತಿ ಶಕ್ತಿ ಸುಟ್ಟಿತು. ಬರೀ ಕೆಫೀನಿಗೆ ಹಾಗೆ ಆಗಲಿಲ್ಲ. ಅಂದರೆ ಟೀಯ ಎಲೆಯಲ್ಲಿ ನಿಜಕ್ಕೂ ಏನೋ ಇದೆ. ಸುಳ್ಳಲ್ಲ.

ಆ 4 ಶೇಕಡಾ ಅಂದರೆ ದಿನಕ್ಕೆ ಸುಮಾರು 80 ಕ್ಯಾಲೊರಿ. ಬೆಣ್ಣೆಯ ಲೆಕ್ಕದಲ್ಲಿ ಹೇಳುವುದಾದರೆ ಹನ್ನೊಂದು ಗ್ರಾಂ. ದೋಸೆ ಮೇಲೆ ಕೂತಿರುವ ಬೆಣ್ಣೆ ಮುದ್ದೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದರಲ್ಲೂ ಹೆಂಚಿನ ಮೇಲೆ ಸುರಿದದ್ದು ಲೆಕ್ಕಕ್ಕೇ ಬಂದಿಲ್ಲ.

ಟೀ ಮಾರುವವರು ಇಲ್ಲಿ ಒಂದು ಗುಣಾಕಾರ ಮಾಡುತ್ತಾರೆ. ದಿನಕ್ಕೆ 80, ವರ್ಷಕ್ಕೆ 29,200. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ಹಾಗಾಗಿ ಸುಮ್ನೆ ಕೂತು ಟೀ ಕುಡಿದರೂ ವರ್ಷಕ್ಕೆ ಮೂರು ಮುಕ್ಕಾಲು ಕಿಲೋ! ಆದರೆ ಮೈ ಗೋಣಿಚೀಲವಲ್ಲ. ಸ್ವಲ್ಪ ಜಾಸ್ತಿ ಖರ್ಚಾದರೆ ಅದು ಸ್ವಲ್ಪ ಜಾಸ್ತಿ ಹಸಿವು ಹುಟ್ಟಿಸುತ್ತದೆ. ಒಂದು ದಿನದ ಕೋಣೆಯ ಲೆಕ್ಕವನ್ನು ವರ್ಷದ ಬಾಳಿಗೆ ಹಚ್ಚಲು ಬರುವುದಿಲ್ಲ.

ವಾರಗಟ್ಟಲೆ, ತಿಂಗಳುಗಟ್ಟಲೆ ಜನರಿಗೆ ಗ್ರೀನ್ ಟೀ ಕೊಟ್ಟು ತೂಕ ನೋಡಿದ ಅಧ್ಯಯನಗಳು ಬೇಕಾದಷ್ಟಿವೆ. 2012ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ ಅಂಥ 18 ಅಧ್ಯಯನಗಳನ್ನು, ಒಟ್ಟು 1,945 ಜನರನ್ನು, ಒಟ್ಟಿಗೆ ಇಟ್ಟು ನೋಡಿತು. ಔಷಧದ ಪ್ರಯೋಗಗಳನ್ನು ಜಾಲಿಸಿ ಜೊಳ್ಳು ಬೇರೆ ಮಾಡುವುದೇ ಅದರ ಕೆಲಸ. ಜಪಾನಿನ ಹೊರಗೆ ನಡೆದ ತೂಕ ಇಳಿಸುವ ಪ್ರಯೋಗಗಳಲ್ಲಿ ಗ್ರೀನ್ ಟೀ ತಂದ ವ್ಯತ್ಯಾಸ ಸರಾಸರಿ 0.04 ಕಿಲೋ. ಅಂದರೆ 40 ಗ್ರಾಂ. ಒಂದು ಸಣ್ಣ ಪೊಟ್ಟಣ ಮಂಡಕ್ಕಿ! ಕುಡಿದ ಲೋಟದ ಟೀಯೇ ಅದಕ್ಕಿಂತ ಭಾರ.

ಜಪಾನಿನ ಪ್ರಯೋಗಗಳಲ್ಲಿ ಮಾತ್ರ ಇಳಿಕೆ ಜಾಸ್ತಿ ಕಂಡಿತ್ತು, 200 ಗ್ರಾಂನಿಂದ ಮೂರೂವರೆ ಕಿಲೋವರೆಗೆ. ಯಾಕೆ? ಒಂದು ಉದಾಹರಣೆ ನೋಡಿ. 2005ರ ಒಂದು ಪ್ರಯೋಗದಲ್ಲಿ ಒಂದು ಗುಂಪಿಗೆ ದಿನಕ್ಕೆ 690 ಮಿಲಿಗ್ರಾಂ ಕ್ಯಾಟೆಚಿನ್ ಬೆರೆಸಿದ ಟೀ, ಇನ್ನೊಂದಕ್ಕೆ ಬರೀ 22 ಮಿಲಿಗ್ರಾಂ ಇದ್ದ ಟೀ. 12 ವಾರದಲ್ಲಿ ಮೊದಲನೆಯವರು 2.4 ಕಿಲೋ ಇಳಿದರು. ಎರಡನೆಯವರು? ಅವರೂ 1.3 ಕಿಲೋ ಇಳಿದರು. ಎರಡೂ ಗುಂಪಿನವರ ಊಟದ ಮೇಲೆ ಹಿಡಿತ ಇತ್ತು. ಟೀಯ ಪಾಲಿಗೆ ಉಳಿದದ್ದು ಮೂರು ತಿಂಗಳಿಗೆ ಒಂದು ಕಿಲೋ ಚಿಲ್ಲರೆ. ಅದೂ ಹೊರಗಿನಿಂದ ಸಾರ ಸೇರಿಸಿ ಗಟ್ಟಿ ಮಾಡಿದ ಟೀ, ನಮ್ಮ ಭಾವನ ಜೇಬಿನ ಬ್ಯಾಗಲ್ಲ.

ಮತ್ತೆ ಭಾವ ಇಳಿದ ಎರಡು ಕಿಲೋ?

ಅಂಗಡಿಗೆ ಹೋಗಿ ಕೂತೆವು. ಬಿಲ್ ಬುಕ್ಕಿನ ಹಿಂದೆ ಲೆಕ್ಕ ಬರೆದೆ. "ಮುಂಚೆ ದಿನಕ್ಕೆ ಎಷ್ಟು ಟೀ ಕುಡಿತಿದ್ರಿ, ಭಾವ?" ಆರು. ಅದು ಅವರು ಒಪ್ಪಿಕೊಂಡ ಲೆಕ್ಕ. ಗಿರಾಕಿ ಬಂದರೆ ಟೀ, ಮದುವೆ ಜವಳಿ ತೆಗೆಯಲು ಬಂದ ಕುಟುಂಬಕ್ಕೆ ಟೀ, ಅವರ ಜೊತೆ ಇವರಿಗೂ ಒಂದು. ಅಂಗಡಿ ಟೀಯ ಒಂದು ಸಣ್ಣ ಲೋಟದಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಲು, ಸುಮಾರು 40 ಕ್ಯಾಲೊರಿ. ಎರಡು ಚಮಚ ಸಕ್ಕರೆ, ಇನ್ನೊಂದು 40. ಒಟ್ಟು 80.

ಪೆನ್ನು ಅಲ್ಲೇ ನಿಂತಿತು. ಎಂಬತ್ತು! ಜಿನೀವಾದ ಕೋಣೆಯಲ್ಲಿ ಇಡೀ ದಿನ ಗ್ರೀನ್ ಟೀ ಸಾರ ಸುಟ್ಟುಕೊಟ್ಟಷ್ಟೇ ಶಕ್ತಿ ನಮ್ಮ ಅಂಗಡಿ ಟೀಯ ಒಂದು ಲೋಟದಲ್ಲಿದೆ. ಗ್ರೀನ್ ಟೀ ಹಿಡಿದ ಮೇಲೆ ಭಾವ ಅಂಥ ಆರು ಲೋಟ ಬಿಟ್ಟಿದ್ದರು. ದಿನಕ್ಕೆ 480. ಎರಡು ತಿಂಗಳಿಗೆ 28,800. ಲೆಕ್ಕದ ಪ್ರಕಾರ ಮೂರೂವರೆ ಕಿಲೋ ಮೇಲೆ ಇಳಿಯಬೇಕಿತ್ತು. ಎರಡೇ ಇಳಿದಿದೆ.

"ಉಳಿದದ್ದು ಎಲ್ಲಿ ಹೋಯ್ತು?" ಅಂದೆ. ಭಾವ ಗಲ್ಲಾಪೆಟ್ಟಿಗೆ ಸರಿಮಾಡತೊಡಗಿದರು. ಉತ್ತರ ಕೊಟ್ಟಿದ್ದು ಅಂಗಡಿಯ ಹುಡುಗ: "ಅಣ್ಣಾರು ಗ್ರೀನ್ ಟೀ ಶುರು ಮಾಡಿದ ಮೇಲೆ ಭಾನುವಾರ ಒಂದು ದೋಸೆ ಬದಲು ಎರಡು ತಿಂತಾರೆ." ಒಂದು ಒಳ್ಳೆಯ ಕೆಲಸ ಮಾಡಿದ ಧೈರ್ಯದಲ್ಲಿ ಎರಡು ತಪ್ಪು ಮಾಡುವ ಬುದ್ಧಿ ನಮಗೆಲ್ಲ ಇದೆ. ವಾರಕ್ಕೊಂದು ದೋಸೆ ಇಷ್ಟೆಲ್ಲ ಕ್ಯಾಲೊರಿ ತಿಂದುಹಾಕಲಾರದು, ನಿಜ. ಬೇರೆ ದಿನಗಳ ಸುದ್ದಿ ಆ ಹುಡುಗ ಹೇಳಲಿಲ್ಲ, ಕೆಲಸ ಉಳಿಸಿಕೊಳ್ಳಬೇಕಲ್ಲ.

ಇನ್ನೊಂದು ಸಂಗತಿಯೂ ಅಲ್ಲೇ ಹೊರಬಿತ್ತು. ಸಂಜೆ ಐದಕ್ಕೆ ಅಂಗಡಿಗೆ ಮಂಡಕ್ಕಿ ಮಿರ್ಚಿ ಬರುತ್ತಿತ್ತು. ಈಗ ಕಮ್ಮಿಯಾಗಿದೆ. ಕಾರಣ ಸಂಯಮ ಅಲ್ಲ. ಖಾರದ ಮಿರ್ಚಿ ಕಚ್ಚಿ, ಮೇಲೆ ಒಗರು ನೀರು ಕುಡಿದು ನೋಡಿ, ಗೊತ್ತಾಗುತ್ತದೆ. ಮಿರ್ಚಿಗೆ ಸಿಹಿ ಟೀಯೇ ಬೇಕು. ನನ್ನ ಪ್ರಕಾರ ಗ್ರೀನ್ ಟೀಯ ದೊಡ್ಡ ಗುಣ ಇದೇ. ಅದರ ಜೊತೆ ಏನೂ ಹೊಂದುವುದಿಲ್ಲ. ಜೇನುತುಪ್ಪ ಬೆರೆಸಿ ರುಚಿ ಮಾಡಿಕೊಂಡಿರೋ, ಆ ಗುಣವೂ ಹೋಯಿತು. ಚಮಚಕ್ಕೆ ಲೆಕ್ಕ ಹಾಕಿದರೆ ಜೇನಿನ ಕ್ಯಾಲೊರಿ ಸಕ್ಕರೆಗಿಂತ ಕಮ್ಮಿಯೇನಲ್ಲ.

ಅಕ್ಕನ ವಿಷಯ ಬೇರೆ. ಗಂಡನನ್ನು ನೋಡಿ ಅವಳೂ ಶುರು ಮಾಡಿದ್ದಳು, ಊಟ ಆದ ಕೂಡಲೇ ಒಂದು ಲೋಟ. ನಾನು ಬೇಡ ಎಂದೆ. ಒಗರಿಗೆ ಅಂಟುವ ಗುಣ ಎಂದೆನಲ್ಲ, ಅದು ಜೊಲ್ಲನ್ನು ಹಿಡಿದಂತೆ ಹೊಟ್ಟೆಯಲ್ಲಿ ಸೊಪ್ಪು, ರಾಗಿ, ಕಾಳಿನ ಕಬ್ಬಿಣಾಂಶವನ್ನೂ ಹಿಡಿದುಕೊಳ್ಳುತ್ತದೆ. ಮೈಗೆ ಸೇರುವುದು ಕಡಿಮೆಯಾಗುತ್ತದೆ. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ, 57 ಶೇಕಡಾ. ಮುದ್ದೆ ಸೊಪ್ಪಿನ ಸಾರು ಉಂಡು ಮೇಲೆ ಟೀ ಕುಡಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡ ಹಾಗೆ. ಇದು ಹಾಲಿನ ಟೀಗೂ ಅನ್ವಯ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆ ಬಿಟ್ಟರೆ ಸಾಕು.

ನಿಜವಾಗಿ ಹೆದರಬೇಕಾದದ್ದು ಲೋಟಕ್ಕಲ್ಲ, ಗುಳಿಗೆಗೆ. ಗ್ರೀನ್ ಟೀ ಸಾರದ ಗುಳಿಗೆಗಳು ಆನ್‌ಲೈನಿನಲ್ಲಿ ಧಾರಾಳವಾಗಿ ಸಿಗುತ್ತವೆ. ಎಕ್ಸೊಲೈಸ್ ಎಂಬ ಇಂಥ ಒಂದು ಗುಳಿಗೆಯನ್ನು ಲಿವರ್‌ಗೆ ಪೆಟ್ಟಾದ ಪ್ರಕರಣಗಳ ನಂತರ 2003ರಲ್ಲಿ ಫ್ರಾನ್ಸ್, ಸ್ಪೇನ್ ದೇಶಗಳ ಮಾರುಕಟ್ಟೆಯಿಂದ ತೆಗೆದರು. ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿಯನ್ನು ಗುಳಿಗೆ ರೂಪದಲ್ಲಿ ತಿಂದರೆ ಲಿವರ್‌ಗೆ ತೊಂದರೆಯ ಲಕ್ಷಣ ರಕ್ತದಲ್ಲಿ ಕಾಣುತ್ತದೆ ಎಂದು 2018ರಲ್ಲಿ ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ ಹೇಳಿತು. ಖಾಲಿ ಹೊಟ್ಟೆಯಲ್ಲಿ ತಿಂದರೆ ಅದು ರಕ್ತಕ್ಕೆ ಇನ್ನೂ ಜಾಸ್ತಿ ಸೇರುತ್ತದೆ. ಎಲೆ ನೆನೆಸಿ ಕುಡಿಯುವ ಎರಡು ಮೂರು ಲೋಟ ಟೀಗೆ ಈ ಭಯ ಬೇಡ.

ಭಾವ ಈಗ ಸಕ್ಕರೆ ಇಲ್ಲದ ಹಾಲಿನ ಟೀಗೆ ಬಂದಿದ್ದಾರೆ, ದಿನಕ್ಕೆ ಎರಡೇ. ಮಧ್ಯಾಹ್ನ ಮೂರಕ್ಕೊಂದು ಗ್ರೀನ್ ಟೀ ಮಾತ್ರ ಉಳಿಸಿಕೊಂಡಿದ್ದಾರೆ. ಅದನ್ನು ಮಾಡುವ ಬಗೆಯನ್ನೂ ನಾನೇ ಹೇಳಿಕೊಟ್ಟೆ. ಕುದಿಯುವ ನೀರಿಗೆ ಹಾಕಬಾರದು. ಕುದಿ ಬಂದ ನೀರನ್ನು ಇಳಿಸಿ ನಾಲ್ಕೈದು ನಿಮಿಷ ಬಿಟ್ಟು, ಬ್ಯಾಗು ಹಾಕಿ, ಎರಡು ನಿಮಿಷಕ್ಕೆ ತೆಗೆಯಬೇಕು. ಒಗರು ಕಮ್ಮಿ ಬಿಡುತ್ತದೆ, ಎಲೆಯ ಸಿಹಿ ವಾಸನೆ ನಿಲ್ಲುತ್ತದೆ. ಭಾವ ಒಂದು ಗುಟುಕು ಕುಡಿದು ನೋಡಿದರು.

"ಒಗರು ಕಮ್ಮಿ ಅಂದ್ರೆ ಕ್ಯಾಟೆಚಿನ್ನೂ ಕಮ್ಮಿ ಅಲ್ವೇನಪಾ?"

ಹೌದು ಎಂದೆ. ಇನ್ನೊಂದು ಗುಟುಕು ಕುಡಿದರು. "ಹೋಗ್ಲಿ ಬಿಡು, ಕುಡಿಯೋ ಹಂಗಾದ್ರೂ ಆತು."