ಸಿಲಿಂಡರಿನ ಒಳಮೈ ಮೇಲೊಂದು ಉಗುರು

ಮೋಟೋಕ್ರಾಸ್, ಅಂದರೆ ಮಣ್ಣಿನ ಹಾದಿಯಲ್ಲಿ ರೇಸ್ ಓಡುವ ಬೈಕಿನ ಎಂಜಿನ್ ಬಿಚ್ಚಿದ ಮೆಕ್ಯಾನಿಕ್ ಅಳತೆಯ ಉಪಕರಣ ಹಿಡಿಯುವ ಮೊದಲೇ ಸಿಲಿಂಡರ್ ಒಳಗೋಡೆಯ ಮೇಲೆ ಅಡ್ಡಲಾಗಿ ಉಗುರು ಎಳೆಯುತ್ತಾನೆ. ಸಲೀಸಾಗಿ ಜಾರಿದರೆ ಸಮಾಧಾನ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಅಲ್ಲೊಂದು ಗೀರು ಬಿದ್ದಿದೆ ಎಂದರ್ಥ.

ಹಳೇ ಬೈಕುಗಳಲ್ಲಿ ಇದು ದೊಡ್ಡ ತಲೆನೋವಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಇಟ್ಟುಕೊಂಡವರಿಗೆ ಗೊತ್ತಿರುತ್ತದೆ: ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ, ಅಂದರೆ ಸಿಲಿಂಡರಿನ ಒಳಗೋಡೆ ಕೊರೆಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿದರೆ ಆಯಿತು. ಕಬ್ಬಿಣದ ಗೋಡೆ ದಪ್ಪ, ಸ್ವಲ್ಪ ಕೊರೆದರೂ ತಡೆದುಕೊಳ್ಳುತ್ತದೆ. ಇಂದಿನ ಮೋಟೋಕ್ರಾಸ್ ಬೈಕಿನ ಸಿಲಿಂಡರ್ ಸಾಮಾನ್ಯವಾಗಿ ಹಾಗಲ್ಲ. ಅದು ಪೂರ್ತಿ ಅಲ್ಯೂಮಿನಿಯಂ. ಒಳಮೈಗೆ ಮಾತ್ರ ಸುಮಾರು 0.07 ಮಿಲಿಮೀಟರ್ ದಪ್ಪದ ಲೇಪ, ಅಂದರೆ ಒಂದು ತಲೆಗೂದಲಿನಷ್ಟು. ಕೊರೆಯಲು ಹೋದರೆ ಲೇಪವೇ ಹೋಗಿಬಿಡುತ್ತದೆ.

ಹಾಗಿದ್ದರೂ ಅಲ್ಯೂಮಿನಿಯಂ ಏಕೆ? ಹಗುರ ಎನ್ನುವುದು ಒಂದು ಕಾರಣ. ಎರಕದ ಕಬ್ಬಿಣಕ್ಕಿಂತ ಸುಮಾರು ಮೂರು ಪಟ್ಟು ಬೇಗ ಶಾಖವನ್ನು ಹೊರಗೆ ಸಾಗಿಸುತ್ತದೆ ಎನ್ನುವುದು ಇನ್ನೂ ದೊಡ್ಡ ಕಾರಣ. ಪಿಸ್ಟನ್ನೂ ಅಲ್ಯೂಮಿನಿಯಮ್ಮೇ ಆದ್ದರಿಂದ, ಬಿಸಿಯಾದಾಗ ಎರಡೂ ಹೆಚ್ಚುಕಮ್ಮಿ ಒಟ್ಟಿಗೆ ಹಿಗ್ಗುತ್ತವೆ. ಆದರೆ ಅಲ್ಯೂಮಿನಿಯಂ ಮೇಲೆ ಅಲ್ಯೂಮಿನಿಯಂ ನೇರವಾಗಿ ಉಜ್ಜಿದರೆ ಕಚ್ಚಿಕೊಂಡು ಎಂಜಿನ್ ಸೀಜ್ ಆಗುತ್ತದೆ. ನಡುವೆ ಗಟ್ಟಿಯಾದ ಮೈ ಬೇಕೇ ಬೇಕು.

ಆ ಮೈಯನ್ನು ಜರ್ಮನಿಯ ಮಾಲೆ ಕಂಪನಿ 1967ರಲ್ಲಿ ತಂದಿತು, ಮೊದಲು ಪಿಸ್ಟನ್ ಬದಲು ತಿರುಗುವ ರೋಟರ್ ಇರುವ ವ್ಯಾಂಕೆಲ್ ಎಂಜಿನ್ನಿಗಾಗಿ. ಹೆಸರು ನಿಕಾಸಿಲ್. ನಿಕಲ್ ದ್ರಾವಣದಲ್ಲಿ ಸಿಲಿಕಾನ್ ಕಾರ್ಬೈಡ್ ಎಂಬ ಗಟ್ಟಿ ವಸ್ತುವಿನ ನುಣ್ಣನೆ ಪುಡಿ ಕಲಕಿ ಕರೆಂಟ್ ಹರಿಸುತ್ತಾರೆ. ನಿಕಲ್ ಗೋಡೆಗೆ ಕೂರುತ್ತಾ ಹೋದ ಹಾಗೆ ಪುಡಿಯ ಕಣಗಳನ್ನೂ ಒಳಗೆ ಹಿಡಿದುಕೊಳ್ಳುತ್ತದೆ, ಚಿಕ್ಕಿಯಲ್ಲಿ ಬೆಲ್ಲದ ಪಾಕ ಕಡಲೆಬೀಜ ಹಿಡಿದ ಹಾಗೆ.

ಇದನ್ನು ಸವೆಸುವುದು ದೂಳು. ಏರ್ ಫಿಲ್ಟರಿನ ಅಂಚು ಸರಿಯಾಗಿ ಕೂರದೆ ಚೂರೇ ಚೂರು ಸಂದಿ ಉಳಿದರೂ ನುಣ್ಣನೆ ಮರಳು ಒಳಗೆ ಬರುತ್ತದೆ. ಮರಳಿಗೆ ಸಿಲಿಕಾನ್ ಕಾರ್ಬೈಡನ್ನು ಗೀರುವ ಶಕ್ತಿಯಿಲ್ಲ. ಆದರೆ ಕಣಗಳ ಸುತ್ತಲಿನ ನಿಕಲ್ ಅಷ್ಟು ಗಟ್ಟಿಯಲ್ಲ. ಬೆಲ್ಲ ಸವೆದರೆ ಬೀಜ ಉದುರುತ್ತದೆ ಅಲ್ವಾ, ಇಲ್ಲೂ ಹಾಗೇ.

ಸೀಜ್ ಆದ ಸಿಲಿಂಡರ್ ನೋಡಿ ಕೂಡಲೇ ಬೇಸರಪಡಬೇಕಿಲ್ಲ. ಎಷ್ಟೋ ಸಲ ಗೀರಿನ ಹಾಗೆ ಕಾಣುವುದು ಗೋಡೆಗೆ ಮೆತ್ತಿದ ಪಿಸ್ಟನ್ನಿನ ಅಲ್ಯೂಮಿನಿಯಂ. ಕೈಗವಸು, ಕನ್ನಡಕ ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ, ಅದರ ಮೇಲಷ್ಟೇ ಹೈಡ್ರೋಕ್ಲೋರಿಕ್ ಆಸಿಡ್ ಸವರುತ್ತಾರೆ. ನೊರೆ ಏಳುತ್ತದೆ, ಮೆತ್ತಿದ್ದು ಕರಗುತ್ತದೆ. ನೊರೆ ನಿಂತು ಕೆಳಗೆ ನಿಕಲ್ ಕಂಡರೆ ಸಿಲಿಂಡರ್ ಬದುಕಿತು. ಮೆತ್ತಿದ್ದೆಲ್ಲ ಹೋದ ಮೇಲೂ ನೊರೆ ಏಳುತ್ತಲೇ ಇದ್ದರೆ ಲೇಪ ಹರಿದು, ಒಳಗಿನ ಅಲ್ಯೂಮಿನಿಯಮ್ಮನ್ನೇ ಆಸಿಡ್ ತಿನ್ನುತ್ತಿದೆ. ತಕ್ಷಣ ತೊಳೆದುಬಿಡಬೇಕು. ಇಷ್ಟು ಸರಳವಾದ ಪರೀಕ್ಷೆ ಇಷ್ಟು ಸ್ಪಷ್ಟ ಉತ್ತರ ಕೊಡುವುದು ನನಗೆ ಬಹಳ ಇಷ್ಟ.

ಲೇಪ ಹರಿದಿದ್ದರೆ ಹೊಸದಾಗಿ ಹಾಕಿಸಬೇಕು. ಹಳೆಯ ನಿಕಲ್ ಕಿತ್ತು ಆಳವಾದ ಗಾಯಗಳಿಗೆ ಆರ್ಗಾನ್ ವೆಲ್ಡಿಂಗ್ ತುಂಬಿ ಸಮ ಮಾಡುತ್ತಾರೆ. ಆಮೇಲಿನದು ಸೂಕ್ಷ್ಮ ಕೆಲಸ. ಅಲ್ಯೂಮಿನಿಯಂ ಗಾಳಿಗೆ ಸೋಕಿದ ಕ್ಷಣವೇ ಆಕ್ಸೈಡಿನ ತೆಳು ಪೊರೆ ಕಟ್ಟಿಕೊಳ್ಳುತ್ತದೆ, ಅದರ ಮೇಲೆ ನಿಕಲ್ ಸರಿಯಾಗಿ ಅಂಟುವುದಿಲ್ಲ. ಹಾಗಾಗಿ ಮೊದಲು ಸತುವಿನ ದ್ರಾವಣದಲ್ಲಿ ಅದ್ದುತ್ತಾರೆ. ಅದು ಪೊರೆಯನ್ನು ಕರಗಿಸಿ ಆ ಜಾಗದಲ್ಲಿ ತೆಳ್ಳಗೆ ಸತು ಕೂರಿಸುತ್ತದೆ. ಇಲ್ಲಿ ತಪ್ಪಿದರೆ ಓಡುತ್ತಿರುವ ಎಂಜಿನ್ನಿನೊಳಗೇ ಲೇಪ ಚಕ್ಕೆಚಕ್ಕೆಯಾಗಿ ಏಳಬಹುದು.

ನಿಕಲ್ ಕೂತ ಮೇಲೆ ವಜ್ರದ ಪುಡಿಯಿರುವ ಕಲ್ಲುಗಳಿಂದ ಹೋನಿಂಗ್, ಅಂದರೆ ಒಳಮೈಯನ್ನು ಉಜ್ಜುವುದು. ಪಿಸ್ಟನ್ನಿಗೆ ತಕ್ಕ ಅಳತೆ ಬರುವುದು ಇಲ್ಲೇ. ಜೊತೆಗೆ ಒಂದನ್ನೊಂದು ಓರೆಯಾಗಿ ದಾಟುವ ಸಣ್ಣ ಗೆರೆಗಳೂ ಮೂಡುತ್ತವೆ. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲೇ. ಟೂ ಸ್ಟ್ರೋಕ್ ಆದರೆ ಪೋರ್ಟಿನ, ಅಂದರೆ ಗೋಡೆಯಲ್ಲಿರುವ ಕಿಂಡಿಯ, ಅಂಚುಗಳನ್ನು ಉಜ್ಜಿ ಮೊಂಡು ಮಾಡಬೇಕು, ಇಲ್ಲದಿದ್ದರೆ ಪಿಸ್ಟನ್ನಿನ ಸುತ್ತಲಿನ ರಿಂಗ್ ಅಲ್ಲಿ ತಗುಲುತ್ತದೆ.

ಕೊನೆಗೆ ಸೋಪು ಹಾಕಿದ ಬಿಸಿನೀರಿನಲ್ಲಿ ತೊಳೆದು ಬಿಳಿ ಬಟ್ಟೆಯಿಂದ ಒರೆಸಬೇಕು. ಬಟ್ಟೆಗೆ ಬೂದು ಬಣ್ಣ ಹತ್ತಿದರೆ ಹೋನಿಂಗ್ ಪುಡಿ ಇನ್ನೂ ಒಳಗಿದೆ, ಮತ್ತೆ ತೊಳೆಯಬೇಕು. ಬಟ್ಟೆ ಬೆಳ್ಳಗೇ ಉಳಿದ ಮೇಲೆ ಆಯಿಲ್ ಸವರಿ ಪಿಸ್ಟನ್ ಇಳಿಸಬಹುದು.